ಹಳದಿ ನೂಲು

"ನೋಡಮ್ಮಾ, ಇಲಿ ಕಡಿದಿದೆ ಅಂತಾನೆ ಇವನು," ಎಂದು ಕಟ್ಟಡದ ಮ್ಯಾನೇಜರ್ ಕಾವಲುಗಾರನ ತೋಳು ಬಿಡದೆ ಕೂಗಿದರು. "ತಿಂಗಳಲ್ಲಿ ಮೂರನೇ ಸಲ ಕೇಬಲ್ ತುಂಡಾಗಿರೋದು! ಈ ರೂಮಿನ ಬೀಗದ ಕೈ ಇವನ ಹತ್ರ ತಾನೇ ಇರೋದು?" ವಯಸ್ಸಾದ ಕಾವಲುಗಾರ ತೋಳು ಬಿಡಿಸಿಕೊಳ್ಳಲು ನೋಡುತ್ತಿದ್ದ. ಕೇಬಲ್ ಜೋಡಿಸುವವಳು ನೆಲಮಾಳಿಗೆಯ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ತುಂಡಾದ ಫೈಬರ್ ಕೇಬಲ್ಲಿನ ತುದಿಗೆ ಟಾರ್ಚ್ ಹಿಡಿದಳು. ಹಲ್ಲಿನ ಗುರುತು ಒಂದೂ ಇರಲಿಲ್ಲ.

ಒಳಗಿನ ಗಾಜಿನ ಎಳೆಗಳನ್ನು ಕಾಯಲು ಸುತ್ತಲೂ ಹಳದಿ ನೂಲು ಇರುತ್ತದೆ. ಮನೆಯ ಚಾಕು, ಕತ್ತರಿಗಳಿಗೆ ಅದು ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ, ಹಿಂಜಿಕೊಂಡು ಜೋತುಬೀಳುತ್ತದೆ. ಇಲ್ಲಿ ಅಷ್ಟೂ ನೂಲು ಒಂದೇ ಏಟಿಗೆ ಸಮನಾಗಿ ಕತ್ತರಿಸಿಹೋಗಿತ್ತು. ಅದಕ್ಕೆಂದೇ ಬರುವ ಕತ್ತರಿ ಬೇಕು. ಈ ಕಟ್ಟಡಕ್ಕೆ ಬಂದುಹೋಗುವವರಲ್ಲಿ ಅದು ಇದ್ದದ್ದು ಇಬ್ಬರ ಹತ್ತಿರ, ಅವಳ ಬಳಿ ಮತ್ತು ಅವಳಿಗೆ ಕಸುಬು ಕಲಿಸಿದ ಅಣ್ಣನ ಬಳಿ. ವಾರವಾರ ತಪಾಸಣೆಗೆಂದು ಬೀಗದ ಕೈ ಇಸಿದುಕೊಳ್ಳುತ್ತಿದ್ದವನೂ ಅವನೇ. ಮೂರೂ ಸಲ ಕೂಲಿ ಕೊಟ್ಟು ರಿಪೇರಿಗೆ ಕರೆದದ್ದೂ ಅವರಿಬ್ಬರನ್ನೇ.

ಜೊತೆಗೆ ಬಂದಿದ್ದ ಅಣ್ಣ ಹಿಂದಿನಿಂದ ಬಗ್ಗಿ, "ಏನ್ ನೋಡ್ತಾ ಕೂತೆ? ಆ ತುದಿ ಕತ್ತರಿಸಿ ಬಿಸಾಕು, ಜೋಡಿಸಿಬಿಡೋಣ," ಎಂದ. ದನಿಯಲ್ಲಿ ಎಂದೂ ಇಲ್ಲದ ಅವಸರವಿತ್ತು. ಅವಳು ತುದಿಯನ್ನು ಮುಷ್ಟಿಯಲ್ಲಿ ಹಿಡಿದೇ ಎದ್ದಳು.

"ಸಾರ್, ಅಜ್ಜನ ತೋಳು ಬಿಡಿ. ಇದು ಅವರ ಕೈಲಿ ಆಗೋ ಕೆಲಸ ಅಲ್ಲ."

"ಮತ್ತೆ ಯಾರ ಕೆಲಸ?"

ಅವಳು ಅಣ್ಣನ ಕಡೆ ತಿರುಗಿದಳು. ಅವನು ಆಗಲೇ ಮೆಟ್ಟಿಲ ಕಡೆ ನೋಡುತ್ತಿದ್ದ.

"ಅಣ್ಣಾ, ನೀನೇ ಹೇಳ್ತೀಯೋ, ನಾನು ಹೇಳ್ಲೋ?"