ಕನ್ನಡಿಯಂಥ ಹಿಡಿ

ಶಂಭುಲಿಂಗಪ್ಪ ಆ ಹಿಡಿಯನ್ನು ಪಿಳ್ಳಮ್ಮನ ಮುಖದ ಹತ್ತಿರ ತಂದು ಅಲ್ಲಾಡಿಸಿದರು. ಕಪ್ಪು ಬೇಕಲೈಟ್ ಪ್ಲಾಸ್ಟಿಕ್ಕಿನ ಹಿಡಿ, ಅಚ್ಚಿನ ಬಿಸಿ ಇನ್ನೂ ಆರಿರಲಿಲ್ಲ. ಮೈತುಂಬ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು.

"ಏನಿದು? ಕೆಟಲ್ಲಿಗೆ ಹಿಡಿ ಮಾಡ್ರೋ ಅಂದ್ರೆ ಹಾಗಲಕಾಯಿ ಮಾಡಿಟ್ಟಿದೀರಲ್ಲ. ಬೆಳಿಗ್ಗೆಯಿಂದ ಅರವತ್ತು ಒತ್ತಿದೀರಿ, ಅರವತ್ತೂ ಹಿಂಗೇ."

"ಅಚ್ಚಿಗೆ ಉಳಿ ಹಾಕಿದ್ದು ನಾನೇ ಸ್ವಾಮಿ," ಎಂದಳು ಪಿಳ್ಳಮ್ಮ. ಕೈ ಕಟ್ಟಿರಲಿಲ್ಲ, ತಲೆ ತಗ್ಗಿಸಿರಲೂ ಇಲ್ಲ.

ಚಾಮರಾಜಪೇಟೆಯಲ್ಲಿ ಶಂಭುಲಿಂಗಪ್ಪನವರ ಮನೆಯ ಹಿತ್ತಲಲ್ಲೇ ಅವರ ಕಾರ್ಖಾನೆ. ಒಂದು ತಗಡಿನ ಶೆಡ್ಡು, ಒಂದು ಒತ್ತುವ ಯಂತ್ರ, ಗೋಡೆಯ ಮೇಲೆ 'ಸುಡದ ಹಿಡಿ, ಕನ್ನಡಿಯ ಹೊಳಪು' ಎಂಬ ಬೋರ್ಡು. ಯಂತ್ರ ಒತ್ತುವವನು ವರದರಾಜ. ಅಚ್ಚಿನಿಂದ ಬಂದ ಹಿಡಿಯ ಅಂಚು ಅರದಿಂದ ಉಜ್ಜಿ, ತನ್ನ ಮುಖ ಅದರಲ್ಲಿ ಕಾಣುವವರೆಗೆ ಬಟ್ಟೆಯಿಂದ ತಿಕ್ಕುವವಳು ಪಿಳ್ಳಮ್ಮ. ನಾಲ್ಕು ವರ್ಷ ತಿಕ್ಕಿದ್ದಳು. ಅವಳ ತಾಯಿ ಬಸವನಗುಡಿಯ ಬೀದಿಬೀದಿ ಅಲೆದು ಒರಳುಕಲ್ಲು ಕುಟ್ಟಿಕೊಟ್ಟು ಮಕ್ಕಳನ್ನು ಸಾಕಿದವಳು. ಸವೆದು ನುಣುಪಾದ ಕಲ್ಲಿನಲ್ಲಿ ಅಕ್ಕಿ ಜಾರುತ್ತದೆ, ಅರೆಯುವುದಿಲ್ಲ. ಉಳಿಯಿಂದ ಕುಟ್ಟಿದರೆ ಕಲ್ಲಿಗೆ ಮತ್ತೆ ಹಲ್ಲು ಬರುತ್ತದೆ. ನಿನ್ನೆ ಸಂಜೆ ವರದರಾಜ ಕೆಲಸ ಮುಗಿಸಿ ಹೋದ ಮೇಲೆ ಪಿಳ್ಳಮ್ಮ ತಾಯಿಯ ಆ ಉಳಿಯನ್ನೇ ತಂದು ಉಕ್ಕಿನ ಅಚ್ಚಿನ ಒಳಮೈಯನ್ನು ಕುಟ್ಟಿದ್ದಳು. ಅಚ್ಚಿನಲ್ಲಿ ಗುಳಿ ಬಿದ್ದಲ್ಲೆಲ್ಲ ಹಿಡಿಯಲ್ಲಿ ಗುಳ್ಳೆ ಎದ್ದಿತ್ತು.

"ಅಚ್ಚು ಅಂದ್ರೆ ಒರಳುಕಲ್ಲು ಅಂದ್ಕೊಂಡ್ಯಾ?" ಶಂಭುಲಿಂಗಪ್ಪನವರ ಧ್ವನಿ ತಗಡಿಗೆ ಬಡಿಯಿತು. "ಕಲ್ಲು ಕುಟ್ಟೋರ ಬುದ್ಧಿ ಎಲ್ಲಿಗೆ ಹೋಗುತ್ತೆ. ಲೋ ವರದರಾಜ, ನೀನೇನು ಕಣ್ಣು ಮುಚ್ಕೊಂಡು ಒತ್ತಿದ್ಯಾ?"

"ಬಿಟ್ಕೊಂಡೇ ಒತ್ತಿದೆ ಸ್ವಾಮಿ," ಎಂದ ವರದರಾಜ. "ಎಣ್ಣೆ ಕೈಲಿ ಹಿಡ್ದು ನೋಡ್ದೆ. ಜಾರ್ಲಿಲ್ಲ."

"ಜಾರೋದು ಹಿಡಿಯಲ್ಲ ಕಣೋ. ಹಿಡಿಯೋರ ಕೈ."

ಈ ಮಾತನ್ನು ಪಿಳ್ಳಮ್ಮ ಹಿಂದೆಯೂ ಕೇಳಿದ್ದಳು. ಅವಳ ಅಕ್ಕ ಅಕ್ಕಯಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಕುದಿಯುವ ನೀರನ್ನು ಇದೇ ಕಾರ್ಖಾನೆಯ ಹಿಡಿಯಿದ್ದ ಎರಡು ದೊಡ್ಡ ಕೆಟಲ್ಲುಗಳಲ್ಲಿ ತುಂಬಿ, ಕೈಗೊಂದರಂತೆ ಹಿಡಿದು, ದಿನಕ್ಕೆ ಇಪ್ಪತ್ತು ಸಲ ಹಂಡೆಮನೆಯಿಂದ ವಾರ್ಡಿಗೆ ನಡೆಯುವ ಕೆಲಸ. ಹೋದ ತಿಂಗಳು ಸೋಪಿನ ಕೈಯಿಂದ ಒಂದು ಹಿಡಿ ನುಣುಚಿತು. ಎರಡೂ ಪಾದದ ಚರ್ಮ ಕಾಲುಚೀಲದಂತೆ ಕಳಚಿ ಬಂತು. ಪಿಳ್ಳಮ್ಮ ಬಂದು ಹೇಳಿದಾಗ ಶಂಭುಲಿಂಗಪ್ಪ ಅಂದದ್ದು ಇಷ್ಟೇ: ಕೈ ಒರೆಸ್ಕೊಂಡು ಗಟ್ಟಿಯಾಗಿ ಹಿಡ್ಕೋಬೇಕಿತ್ತು. ಸುಟ್ಟದ್ದು ಅವಳ ಕಾಲು, ತಪ್ಪು ಅವಳ ಕೈಯದು; ಹಿಡಿಗೆ ಮಾತ್ರ ಹೊಳಪು. ಆ ಹೊಳಪನ್ನು ಬರಿಸಿದ್ದು ತನ್ನ ಕೈ ಎಂಬುದನ್ನು ಪಿಳ್ಳಮ್ಮ ಅವತ್ತು ಯಾರಿಗೂ ಹೇಳಲಿಲ್ಲ. ಅಕ್ಕನಿಗೂ ಹೇಳಲಿಲ್ಲ.

"ನೀನು ನಾಳೆಯಿಂದ ಬರ್ಬೇಡ," ಎಂದರು ಶಂಭುಲಿಂಗಪ್ಪ. "ವರದರಾಜ, ಉಪ್ಪುಕಾಗದ ತಗೊಂಡು ಅಚ್ಚು ಉಜ್ಜು. ಒಂದು ಗುಳಿ ಉಳೀಬಾರ್ದು. ಜನ ಹೊಳಪು ನೋಡಿ ತಗೋತಾರೆ, ತಿಳೀತಾ?"

"ನೋಡಿ ತಗೊಳ್ಳೋರು ಬೇರೆ, ಹಿಡ್ದು ಹೊರೋರು ಬೇರೆ ಸ್ವಾಮಿ," ಎಂದಳು ಪಿಳ್ಳಮ್ಮ. "ನಾನು ಬರಲ್ಲ, ಬಿಡಿ. ಅಚ್ಚು ಮಾತ್ರ ಹಂಗೇ ಇರ್ಲಿ."

"ನಂಗೆ ಬುದ್ಧಿ ಹೇಳ್ತೀಯಾ?"

ನಾಲ್ಕು ಗಂಟೆ. ಶಂಭುಲಿಂಗಪ್ಪನವರ ಹೆಂಡತಿ ಒಳಬಾಗಿಲ ಬಳಿಯ ಮೇಜಿನ ಮೇಲೆ ಕಾಫಿಯ ಕೆಟಲ್ಲಿಟ್ಟು ಹೋದರು. ಅವರು ದಿನದ ರೂಢಿಯಂತೆ ನಲ್ಲಿಯಲ್ಲಿ ಕೈ ತೊಳೆದು, ಒರೆಸದೆಯೇ ಬಂದರು. ಬಾಯಿ ಮಾತ್ರ ನಿಂತಿರಲಿಲ್ಲ.

"ಆರು ವರ್ಷದಿಂದ ಇದೇ ಹಿಡಿ ನಮ್ಮನೇಲಿ. ಒಂದಿನ ಜಾರಿದೆಯಾ? ನಮ್ಮನೆಯವಳು ಹಿಡೀತಾಳೆ, ನಾನು ಹಿಡೀತೀನಿ. ಹಿಡಿಯೋಕೆ ಬರ್ಬೇಕಷ್ಟೆ."

ಹೀಗೆನ್ನುತ್ತಲೇ ಅವರು ಹೆಗಲ ಮೇಲಿನ ಶಲ್ಯ ಎಳೆದುಕೊಂಡು, ಅದರ ತುದಿಯನ್ನು ಕೆಟಲ್ಲಿನ ಹಿಡಿಗೆ ಎರಡು ಸುತ್ತು ಸುತ್ತಿ, ಎತ್ತಿ, ಲೋಟಕ್ಕೆ ಕಾಫಿ ಬಗ್ಗಿಸಿದರು.

ವರದರಾಜ ಉಪ್ಪುಕಾಗದವನ್ನು ಯಂತ್ರದ ಮೇಲಿಟ್ಟ.

"ಅದು ಸುಡದ ಹಿಡಿ ಅಲ್ವಾ ಸ್ವಾಮಿ," ಎಂದ. "ಬಟ್ಟೆ ಯಾಕೆ?"

ಶಂಭುಲಿಂಗಪ್ಪ ತಮ್ಮ ಕೈ ನೋಡಿಕೊಂಡರು. ಲೋಟ ತುಂಬಿ ಕಾಫಿ ಮೇಜಿನ ಮೇಲೆ ಹರಿಯುತ್ತಿತ್ತು. ಕೆಟಲ್ಲು ಕೆಳಗಿಡಲಿಲ್ಲ, ಶಲ್ಯ ಬಿಚ್ಚಲೂ ಇಲ್ಲ.

ಪಿಳ್ಳಮ್ಮ ಉಳಿಯನ್ನು ಸೆರಗಿನ ತುದಿಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಾಗಿಲು ದಾಟುವಾಗ ತಿರುಗಿ ನಿಂತಳು.

"ನಮ್ಮಕ್ಕನಿಗೂ ಹಿಡಿಯೋಕೆ ಬರ್ತಿತ್ತು ಸ್ವಾಮಿ. ಎರಡು ಕೈಲೂ ನಿಮ್ಮ ಹಿಡಿಯೇ ಇತ್ತು. ಬಟ್ಟೆ ಸುತ್ತೋಕೆ ಮೂರನೇ ಕೈ ಇರ್ಲಿಲ್ಲ."