ಮಗಳ ಕನಸಿನ ಫೈಲು

ಜಾತಕ ಕೇಳುವ ಕಾಲ ಹೋಗಿ, ಹೆಣ್ಣಿನ ಕನಸಿನ ವಿಡಿಯೊ ಕೇಳುವ ಕಾಲ ಬಂದಿತ್ತು. ಫಕ್ಕೀರಪ್ಪ ಮಗಳಿಗೆ ತಂದುಕೊಟ್ಟಿದ್ದ ಕನಸಿನ ಟೋಪಿ ಸಂತೆಯ ಹಳೇ ಮಾಲು. ಅದು ಹಿಡಿದಿಟ್ಟ ಕನಸು ಯಾರ ಕಂಪ್ಯೂಟರಿನಲ್ಲೂ ತೆರೆಯುತ್ತಿರಲಿಲ್ಲ. ಅದೇ ಕಾರಣಕ್ಕೆ ಒಂದು ಸಂಬಂಧ ಕೈತಪ್ಪಿತ್ತು. ಈಗ ಬ್ಯಾಡಗಿಯ ಗಂಡಿನವರು ಸಂಜೆಯೊಳಗೆ ಕಳಿಸಿ ಎಂದಿದ್ದರು.

“ಲಗೂ ಮಾಡೋ!” ಎಂದು ಫಕ್ಕೀರಪ್ಪ ಕಂಪ್ಯೂಟರ್ ಅಂಗಡಿಯ ಮೌನೇಶನನ್ನು ಗದರಿದ.

“ಬ್ಯಾರೆ ಫಾರ್ಮ್ಯಾಟಿಗೆ ಹಾಕಬೇಕಂದ್ರ ಒಮ್ಮೆ ಪೂರ್ತಿ ಓಡಿಸಬೇಕ್ರಿ ಕಾಕಾ. ನೀವು ಗ್ವಾಡಿ ಕಡೆ ತಿರುಗ್ರಿ.”

ಮಗಳ ಕನಸನ್ನು ತಂದೆ ನೋಡಬಾರದೆಂಬುದು ರಿವಾಜು. ಫಕ್ಕೀರಪ್ಪ ಬೆವರು ಒರೆಸಿಕೊಳ್ಳುತ್ತ ಗೋಡೆಗೆ ಮುಖ ಮಾಡಿ ಕುಳಿತ. ಮಗಳು ಶಿವಲೀಲಾ ಪರದೆಯ ಮುಂದೆ ಕುಳಿತಳು. ಮೊದಲು ಓಡುವ ಹೆಜ್ಜೆಗಳ ಸದ್ದು, ಏದುಸಿರು ಕೇಳಿಸಿದವು. ಆಮೇಲೆ ಯಾವನೋ ಗಂಡಸು ಅಬ್ಬರಿಸಿದ. ಯಾವನಿವನು ಎಂದು ಫಕ್ಕೀರಪ್ಪ ಕಿವಿಗೊಟ್ಟ. ಮರುಕ್ಷಣವೇ ಗುರುತು ಸಿಕ್ಕಿತು. ದನಿ ತನ್ನದೇ.

ಮೌನೇಶ ಮೆಲ್ಲಗೆ ಕೇಳಿದ: “ಈ ದನಿ ತಗದುಬಿಡ್ಲೇನ್ರಿ ಕಾಕಾ? ಎಲ್ಲಾರೂ ಅಷ್ಟಿಷ್ಟು ತಗಸ್ತಾರ.”

“ತಗಿ, ತಗಿ!”

“ಬ್ಯಾಡ” ಎಂದಳು ಶಿವಲೀಲಾ. “ಅದನ್ನ ತಗದ್ರ, ನಾ ಯಾಕ ಓಡಾಕತ್ತೀನಿ ಅಂತ ಅವರಿಗೆ ಹೆಂಗ ಗೊತ್ತಾಗಬೇಕಪ್ಪಾ?”

ಗದರಲು ಫಕ್ಕೀರಪ್ಪ ಬಾಯಿ ತೆರೆದ. ಅಷ್ಟರಲ್ಲಿ ಸ್ಪೀಕರಿನೊಳಗಿನ ಫಕ್ಕೀರಪ್ಪನೇ ಗದರಿದ. ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು.

“ಇದ್ದಂಗ ಕಳಸು” ಎಂದ, ಗೋಡೆಯನ್ನೇ ನೋಡುತ್ತ.