ಮೊಳೆಯದ ಸಾಲು

ಚಪ್ಪಲಿಗೆ ಹಸಿ ಎರೆಮಣ್ಣು ಮೆತ್ತಿಕೊಂಡರೆ ನನಗೆ ಈಗಲೂ ಸವಡಿಯ ನಮ್ಮ ಹೊಲದ ಆ ಮಧ್ಯಾಹ್ನ ನೆನಪಾಗುತ್ತದೆ.

ಹನ್ನೊಂದು ವರ್ಷದ ನಾನು ಹಟ ಮಾಡಿ, ಅಪ್ಪ ಹೊಡೆಯುತ್ತಿದ್ದ ಕೂರಿಗೆಯ ಹಿಂದೆ ನಡೆದು, ಅದರ ಬಟ್ಟಲಿಗೆ ಕಾಳು ಬಿಡುತ್ತ ಮೊದಲ ಸಲ ಜೋಳ ಬಿತ್ತಿದ್ದೆ. ಒಂದು ಕೊಳವೆಯ ತುದಿಗೆ ಮಣ್ಣು ಕಟ್ಟಿ ಕಾಳು ಇಳಿಯದಿದ್ದದ್ದು ನನಗೆ ತಿಳಿಯಲೇ ಇಲ್ಲ. ಎಂಟು ದಿನಕ್ಕೆ ಹಸಿರು ಸಾಲುಗಳ ನಡುವೆ ಒಂದು ಸಾಲು ಮಾತ್ರ ಕರ್ರಗೆ ಮಲಗಿತ್ತು, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ.

"ಬಿತ್ತಿದಾಕಿ ಯಾರು ಅಂತ ಮಂದಿ ಕೇಳ್ತಾರ. ಏನ್ ಹೇಳ್ಲಿ?" ಅಂದಳು ಆ ಸಾಲಿನ ತುದಿಗೆ ನಿಂತ ಅಜ್ಜಿ.

"ನಾನ ಅಂತ ಹೇಳಬೇ," ಅಂದೆ.

ಅಜ್ಜಿ ನನ್ನ ಉಡಿಗೆ ಜೋಳ ಸುರಿದಳು. ಮೊಣಕಾಲೂರಿ, ಹೆಬ್ಬೆರಳಿನಿಂದ ಕುಳಿ ಒತ್ತಿ, ಎರಡೆರಡು ಕಾಳು ಹಾಕುತ್ತ ಹೊರಟೆ. ಉಗುರಿನ ಸಂದಿಯಲ್ಲಿ ಮಣ್ಣು ತುಂಬಿ ಬೆರಳು ಉರಿಯಿತು. ಅಜ್ಜಿ ಕೈ ಹಚ್ಚಲು ಬಂದರೆ ಉಡಿಯನ್ನು ಬಿಗಿಯಾಗಿ ಹಿಡಿದುಕೊಂಡೆ.

ಹೊತ್ತು ಇಳಿಯಿತು. ಅಪ್ಪ ಬಂಡಿ ಹೂಡಿ ಕೂಗಿದ: "ಉಳದದ್ದು ನಾಳಿಗಿ ಹಾಕಿದ್ರಾತು, ಲಗೂನ ಬರ್ರಿ!"

ನಾನು ಮುಂದಿನ ಕುಳಿ ಒತ್ತಿದೆ.

ಬದುವಿನ ಮೇಲೆ ಕೂತಿದ್ದ ಅಜ್ಜಿ ಅಲ್ಲಿಂದಲೇ ಹೇಳಿದಳು: "ಎತ್ತು ಬಿಚ್ಚಪಾ. ಬಿತ್ತಾಕಿ ಇನ್ನೂ ಹೊಲದಾಗ ಅದಾಳ."